ಗಣಕಕ್ಕೆ ದ್ರವ ಸಾರಜನಕದ ಮಜ್ಜನ

ದ್ರವ ಸಾರಜನಕ ನಮ್ಮ ಹೈನುಗಾರರಿಗೆ ಹೊಸದಲ್ಲ. ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ಕಡ್ಡಿಗಳನ್ನು ಪಶು ಆಸ್ಪತ್ರೆಗಳಲ್ಲಿ ಕೆಡದಂತೆ ಇಡುವುದು ಹೊಗೆಯಾಡುವ ಇದೇ ದ್ರವದ ಕ್ಯಾನಿನಲ್ಲಿ. ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಈ ಶೀತದಲ್ಲಿ ಕಂಪ್ಯೂಟರನ್ನೂ ಮುಳುಗಿಸಿದ್ದರು ಎಂದರೆ ಹುಬ್ಬೇರಬಹುದು.

ಮುಳುಗಿಸಿದ್ದು ಅಮೆರಿಕದ ಇಟಿಎ ಸಿಸ್ಟಮ್ಸ್. ಕಂಟ್ರೋಲ್ ಡೇಟಾ ಸಂಸ್ಥೆ 1983ರಲ್ಲಿ ಹುಟ್ಟುಹಾಕಿದ ಈ ಕಂಪನಿಗೆ ಸೂಪರ್ ಕಂಪ್ಯೂಟರ್ ಕಟ್ಟುವ ಹಂಬಲ. ಆಗಿನ ವೇಗದ ಚಿಪ್‌ಗಳು ಭಾರಿ ವಿದ್ಯುತ್ ನುಂಗುತ್ತಿದ್ದವು. ಮಿತವ್ಯಯದ 'ಸಿಮಾಸ್' ಚಿಪ್‌ಗಳು ನಿಧಾನ. ಇಟಿಎ ಎಂಜಿನಿಯರುಗಳು ಸಿಮಾಸ್ ಚಿಪ್‌ಗಳ ಹಲಗೆಯನ್ನೇ ದ್ರವ ಸಾರಜನಕದಲ್ಲಿ ಅದ್ದಿದರು. ವೇಗ ಸುಮಾರು ಇಮ್ಮಡಿಯಾಯಿತು.

ಕಾರಣ ಸರಳ. ಶಾಖವಿದ್ದಷ್ಟೂ ಸಿಲಿಕಾನ್ ಹರಳಿನ ಪರಮಾಣುಗಳು ನಡುಗುತ್ತವೆ; ಎಲೆಕ್ಟ್ರಾನುಗಳು ಸಂತೆಯ ಗದ್ದಲದಲ್ಲಿ ನುಗ್ಗುವವರಂತೆ ಡಿಕ್ಕಿ ಹೊಡೆಯುತ್ತಾ ಸಾಗಬೇಕಾಗುತ್ತದೆ. ಶೀತದಲ್ಲಿ ಆ ನಡುಕ ಅಡಗಿ ದಾರಿ ಸಲೀಸಾಗುತ್ತದೆ. (ನಮಗೆ ಚಳಿಯಲ್ಲಿ ನಡುಕ, ಪರಮಾಣುವಿಗೆ ಬಿಸಿಯಲ್ಲಿ!)

ಮೊದಲ ಇಟಿಎ-10 ಯಂತ್ರ 1987ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿತು. ಆದರೆ ಅದನ್ನು ನಡೆಸುವ ತಂತ್ರಾಂಶ ಪಕ್ವವಾಗಿರಲಿಲ್ಲ. ನಷ್ಟ ತಾಳದೆ 1989ರಲ್ಲಿ ಕಂಪನಿ ಬಾಗಿಲು ಹಾಕಿತು. ಶೀತವೇನೋ ಕೈಕೊಡಲಿಲ್ಲ.

ಕಂಪನಿ ಕೈಬಿಟ್ಟ ಹಾದಿಯನ್ನು ಮುಂದೆ ಹಿಡಿದವರು ಹವ್ಯಾಸಿಗಳು. ಪ್ರೊಸೆಸರ್ ಒಂದು ಗಡಿಯಾರದ ಮಿಡಿತಕ್ಕೆ ಹೆಜ್ಜೆ ಹಾಕುತ್ತದೆ. ತಯಾರಕರು ನಿಗದಿ ಮಾಡಿದ ಮಿಡಿತವನ್ನು ಮೀರಿ ಓಡಿಸುವುದೇ 'ಓವರ್‌ಕ್ಲಾಕಿಂಗ್'. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಸೆಕೆಂಡಿಗೆ 30 ಕೋಟಿ ಮಿಡಿತದ್ದು. ಮಿಡಿತವನ್ನು ಗುಣಿಸುವ ಅಂಕಿಗೆ ಇಂಟೆಲ್ ಬೀಗ ಹಾಕಿತ್ತು. ಅಗ್ಗದ ಚಿಪ್ಪಿನ ಮೇಲಿನ ಅಂಕಿ ಅಳಿಸಿ ದುಬಾರಿಯದೆಂದು ಮಾರುವ ವಂಚಕರೂ ಆಗ ಇದ್ದರೆನ್ನಿ. ಹವ್ಯಾಸಿಗಳು ಹಿತ್ತಿಲ ಬಾಗಿಲು ಹುಡುಕಿದರು. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಸಾಕು, 45 ಕೋಟಿ ಮಿಡಿತ ಪುಕ್ಕಟೆ!

ಇನ್ನೂ ಮೇಲೇರಲು ವೋಲ್ಟೇಜ್ ಹೆಚ್ಚಿಸಬೇಕು. ಅಪಾಯ ಇರುವುದು ಇಲ್ಲೇ: ವೋಲ್ಟೇಜ್ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಫ್ಯಾನು ಸೋಲುತ್ತದೆ. ಆಗ ಚಿಪ್ಪಿನ ಮೇಲೆ ತಾಮ್ರದ ಪಾತ್ರೆ ಕೂರಿಸಿ ದ್ರವ ಸಾರಜನಕ ಸುರಿಯುತ್ತಾರೆ. ಗಾಳಿಯ ತೇವ ಹಿಮವಾಗಿ ಕಟ್ಟಿ, ಕರಗಿದರೆ ಶಾರ್ಟ್ ಸರ್ಕ್ಯೂಟ್. ಅದಕ್ಕೆಂದೇ ಬೋರ್ಡಿಗೆ ವ್ಯಾಸಲೀನ್ ಬಳಿದು, ಸುತ್ತ ಫೋಮ್ ತುರುಕುವುದುಂಟು. ಕೆಲವು ಚಿಪ್‌ಗಳಂತೂ ಅತಿ ಶೀತಕ್ಕೆ ಮರಗಟ್ಟಿ ಎದ್ದೇಳುವುದೇ ಇಲ್ಲ. ತುಸು ಬೆಚ್ಚಗಾಗಿಸಿ ಎಬ್ಬಿಸಬೇಕು.

ಇತ್ತ ಕಾರ್ಖಾನೆಗಳಿಗೂ ಶಾಖದ ಬಿಸಿ ತಟ್ಟಿತು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ 2004ರಲ್ಲಿ ಕೈಬಿಟ್ಟಿತು. ಒಂದೇ ಎತ್ತಿಗೆ ಚಾಟಿ ಬೀಸುವ ಬದಲು ಹಲವು ಎತ್ತು ಕಟ್ಟುವ, ಅಂದರೆ ಒಂದೇ ಚಿಪ್ಪಿನಲ್ಲಿ ಹಲವು 'ಕೋರ್' ಇಡುವ ಪದ್ಧತಿ ಬಲಗೊಂಡಿತು.

ಹವ್ಯಾಸಿಗಳ ಚಾಟಿ ಮಾತ್ರ ನಿಲ್ಲಲಿಲ್ಲ. 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಚಿಪ್, ಶೂನ್ಯಕ್ಕಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಂನ ಬಲದಿಂದ 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. 9ರ ಗಡಿ ದಾಟಲು 2022ರವರೆಗೆ ಕಾಯಬೇಕಾಯಿತು. ಅದೂ ಹೀಲಿಯಂನಿಂದಲೇ, ಇಂಟೆಲ್‌ನ ಚಿಪ್ಪಿನಲ್ಲಿ. ಹನ್ನೊಂದು ವರ್ಷದ ಗಳಿಕೆ 0.6 ಗಿಗಾಹರ್ಟ್ಸ್‌ಗೂ ಕಡಿಮೆ. ಅಂದಹಾಗೆ, 2011ರ ಆ ದಾಖಲೆಯ ಹೊತ್ತಿಗೆ ಚಿಪ್ಪಿನ ಎಂಟು ಕೋರ್‌ಗಳಲ್ಲಿ ಎಚ್ಚರವಿದ್ದದ್ದು ಎರಡೇ. ಉಳಿದ ಆರನ್ನು ಮೊದಲೇ ಮಲಗಿಸಲಾಗಿತ್ತು.