ಕಪ್ಪು ಕೋಟಿಗೆ ನೂರು ಪ್ರಶ್ನೆ

ತೊಂಡೇಬಾವಿ ಅಂದ್ರೆ ಏನು ನೆನಪಾಗುತ್ತೆ? ಸಿಮೆಂಟ್ ಕಾರ್ಖಾನೆ, ಇಲ್ಲಾಂದ್ರೆ ಹಿಂದೂಪುರದ ಕಡೆ ಹೋಗೋ ರೈಲು. ಆ ಊರಿನ ಹುಡುಗಿಯೊಬ್ಬಳು ದಿನಾ ಬೆಂಗಳೂರಿಗೆ ರೈಲಲ್ಲಿ ಓಡಾಡಿ ಎಲ್‌ಎಲ್‌ಬಿ ಮುಗಿಸಿದಳು ಅಂತಿಟ್ಟುಕೊಳ್ಳಿ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದಳು, ಕಪ್ಪು ಕೋಟೂ ಹೊಲಿಸಿದಳು. ಸಾಲದು ಸ್ವಾಮಿ! ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಲಿಲ್ಲ ಅಂದ್ರೆ ಗೌರಿಬಿದನೂರು ಕೋರ್ಟಿನಲ್ಲಿ ಅವಳು ವಾದ ಮಾಡೋ ಹಾಗಿಲ್ಲ.

ಈ ಪರೀಕ್ಷೆ ಬಂದು, ಹೋಗಿ, ಮತ್ತೆ ಬಂದಿದ್ದು. ಬ್ರಿಟಿಷರ ಕಾಲದಲ್ಲಿ ವಕೀಲರೊಳಗೇ ಮೇಲು ಕೀಳು ಇತ್ತು: ಬ್ಯಾರಿಸ್ಟರ್, ವಕೀಲ, ಪ್ಲೀಡರ್, ಮುಖ್ತ್ಯಾರ. 1961ರ ವಕೀಲರ ಕಾಯ್ದೆ ಎಲ್ಲರನ್ನೂ ಒಂದೇ ಹೆಸರಿನಡಿ ತಂದಿತು. ನೋಂದಣಿಗೆ ಮೊದಲು ತರಬೇತಿ, ಪರೀಕ್ಷೆ ಎರಡೂ ಆಗಬೇಕು ಅಂತ ಅದರ 24ನೇ ಕಲಂನಲ್ಲಿತ್ತು. 1973ರ ತಿದ್ದುಪಡಿ ಆ ಷರತ್ತನ್ನು ಕಿತ್ತುಹಾಕಿತು.

1995ರಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿ ಕಡ್ಡಾಯ ಮಾಡಿತು. ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಅದನ್ನು ರದ್ದು ಮಾಡಿತು. ಸಂಸತ್ತು ತೆಗೆದಿದ್ದನ್ನು ಪರಿಷತ್ತು ನಿಯಮ ಮಾಡಿ ತರೋಕಾಗಲ್ಲ ಅನ್ನೋದು ಅದರ ತಾತ್ಪರ್ಯ. 2010ರಲ್ಲಿ ಪರಿಷತ್ತು ಜಾಣತನ ಮಾಡಿತು. ನೋಂದಣಿಗೆ ಪರೀಕ್ಷೆ ಬೇಡ, ನೋಂದಣಿಯಾದ ಮೇಲೆ ವೃತ್ತಿ ನಡೆಸೋಕೆ ಮಾತ್ರ ಬೇಕು ಅಂತು! 2011ರ ಮಾರ್ಚ್ 6ರಂದು ಮೊದಲ ಪರೀಕ್ಷೆ ನಡೀತು.

ನಡೆಯೋದು ಹೇಗೆ? 100 ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ. ಕನ್ನಡದಲ್ಲೂ ಬರೀಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ಟಿಪ್ಪಣಿಯಿಲ್ಲದ ಕಾಯ್ದೆ ಪುಸ್ತಕ ಒಳಗೆ ಒಯ್ಯಬಹುದು. ಓಎಂಆರ್ ಹಾಳೆಯನ್ನು ಯಂತ್ರ ಓದುತ್ತೆ. ಮೊದಲು ತಾತ್ಕಾಲಿಕ ಉತ್ತರಪಟ್ಟಿ ಹೊರಬರುತ್ತೆ, ಆಕ್ಷೇಪಣೆ ಕೇಳ್ತಾರೆ, ದೋಷವಿದ್ದ ಪ್ರಶ್ನೆ ಕೈಬಿಡ್ತಾರೆ. 2023ರ ಡಿಸೆಂಬರ್ ಪರೀಕ್ಷೆಯಲ್ಲಿ ಹೀಗೆ 7 ಪ್ರಶ್ನೆ ಹೋದವು. ಉಳಿದ 93ರಲ್ಲಿ ಶೇ. 45 ಅಂತ ಲೆಕ್ಕ ಹಾಕಿ ಸಾಮಾನ್ಯ ವರ್ಗದವರಿಗೆ 42 ಅಂಕಕ್ಕೆ ಪಾಸು. ಪ್ರಶ್ನೆ ತೆಗೆಯೋರ ಪರೀಕ್ಷೆ ಯಾರು ಮಾಡ್ತಾರೋ! ಇಲ್ಲಿ ರ‍್ಯಾಂಕ್ ಇಲ್ಲ. ಪಾಸು ಅಥವಾ ನಪಾಸು, ಅಷ್ಟೇ. ನಪಾಸಾದವರು ಮತ್ತೆ ಕೂರಬಹುದು.

ಮತ್ತೆ ಕೂರೋಕೆ ದುಡ್ಡು ಬೇಕಲ್ಲ? ಸಾಮಾನ್ಯ ವರ್ಗಕ್ಕೆ ಪರೀಕ್ಷಾ ಶುಲ್ಕ 3,500 ರೂಪಾಯಿ, ಪರಿಶಿಷ್ಟರಿಗೆ 2,500. ನೋಂದಣಿಗೆ 750 ರೂಪಾಯಿಗಿಂತ, ಪರಿಶಿಷ್ಟರಿಂದ 125ಕ್ಕಿಂತ ಹೆಚ್ಚು ಕೇಳಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿತು. ಅಂದ್ರೆ ವಕೀಲೆಯಾಗೋಕೆ 750, ವಕೀಲೆ ಅಂತ ಸಾಬೀತು ಮಾಡೋಕೆ 3,500!

ಪರೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ಪಹಣಿ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವ ರೈತನಿಗೆ ಓದಿಕೊಂಡ ವಕೀಲರು ಸಿಗಲೇಬೇಕು. ಆದರೆ ದಾವೆ ಬರೆಯೋದು, ಸಾಕ್ಷಿಗೆ ಪಾಟೀಸವಾಲು ಹಾಕೋದು ಆ ನೂರು ಗುಂಡಿಗಳಲ್ಲಿ ಎಲ್ಲಿದೆ? ಅದನ್ನು ಕಲಿಯೋದು ಸೀನಿಯರ್ ಪಕ್ಕ ಕೂತು, ಫೈಲು ಹೊತ್ತು. 2023ರ ಫೆಬ್ರುವರಿ 10ರಂದು ಐವರು ನ್ಯಾಯಮೂರ್ತಿಗಳ ಪೀಠ ಪರೀಕ್ಷೆಯನ್ನು ಎತ್ತಿಹಿಡಿಯಿತು, ಸುಧೀರ್ ತೀರ್ಪು ಸರಿಯಲ್ಲ ಅಂತಲೂ ಹೇಳಿತು. ಪರೀಕ್ಷೆ ಉಳೀತು. ಆ ಒಂದು ವರ್ಷದ ತರಬೇತಿ ಮಾತ್ರ ವಾಪಸ್ ಬರಲಿಲ್ಲ.