ವಿಯೆಟ್ನಾಮಿ: ಪದದ ಇತಿಹಾಸ ಮತ್ತು ಬಳಕೆ

ವಿಯೆಟ್ನಾಂ ದೇಶದ ಪ್ರಜೆ, ಅಲ್ಲಿನ ಬಹುಸಂಖ್ಯಾತ ಜನಾಂಗ, ಆ ಜನಾಂಗದ ಭಾಷೆ – ಮೂರಕ್ಕೂ ಬಳಕೆಯಾಗುವ ಒಂದೇ ಪದ. ತೊಡಕು ಶುರುವಾಗುವುದೂ ಇಲ್ಲಿಯೇ.

'ವಿಯೆತ್' ಎಂಬುದು ಚೀನೀ 'ಯುವೆ'ಯ ವಿಯೆಟ್ನಾಮಿನ ಉಚ್ಚಾರ. ದಕ್ಷಿಣದ ಹಲವು ಬುಡಕಟ್ಟುಗಳಿಗೆ ಪ್ರಾಚೀನ ಚೀನೀಯರು ಇಟ್ಟ ಹೆಸರು. 'ನಾಮ್' ಎಂದರೆ ದಕ್ಷಿಣ. 1802ರಲ್ಲಿ ದೇಶವನ್ನು ಒಂದುಗೂಡಿಸಿದ ದೊರೆ ಗಿಯಾ ಲಾಂಗ್, 'ನಾಮ್ ವಿಯೆತ್' ಎಂಬ ಹೆಸರಿಗೆ ಚೀನದ ಚಿಂಗ್ ಆಸ್ಥಾನದ ಒಪ್ಪಿಗೆ ಕೇಳಿದ. ಕ್ರಿ.ಪೂ. 111ರಲ್ಲಿ ಚೀನದ ಹಾನ್ ಸೇನೆಗೆ ಸೋತ ಹಳೆಯ ರಾಜ್ಯದ ಹೆಸರೂ ಅದೇ. ಇಂದಿನ ಚೀನದ ಗುವಾಂಗ್‌ಡಾಂಗ್, ಗುವಾಂಗ್ಸಿಗಳು ಅದರಲ್ಲಿ ಸೇರಿದ್ದವು. ಹೆಸರು ಕೊಟ್ಟರೆ ನಾಳೆ ನೆಲವನ್ನೂ ಕೇಳಿಯಾನೆಂಬ ಶಂಕೆ ಚೀನೀಯರಿಗೆ. ಚಕ್ರವರ್ತಿ ಜಿಯಾಚಿಂಗ್ ಎರಡು ಪದಗಳನ್ನು ಹಿಂದುಮುಂದು ಮಾಡಿಸಿದ. 1804ರಲ್ಲಿ 'ವಿಯೆತ್ ನಾಮ್' ಅಧಿಕೃತವಾಯಿತು. ಗಿಯಾ ಲಾಂಗನ ಮಗ ಮಿನ್ ಮಾಂಗ್ ಅದನ್ನೂ ಬಿಟ್ಟು 'ದಾಯ್ ನಾಮ್' ಎಂದ.

ಹೊರಗಿನವರ ಬಾಯಲ್ಲಿ ಬಹುಕಾಲ ನಿಂತದ್ದು 'ಅನ್ನಾಮ್'. 679ರಲ್ಲಿ ಚೀನದ ಟಾಂಗ್ ಆಡಳಿತ ಕೊಟ್ಟ ಈ ಹೆಸರಿಗೆ 'ಶಾಂತಗೊಳಿಸಿದ ದಕ್ಷಿಣ' ಎಂದರ್ಥ. ಬಗ್ಗುಬಡಿದದ್ದು ಎಂದು ಓದಿದರೂ ತಪ್ಪಿಲ್ಲ. 1651ರಲ್ಲಿ ಪಾದ್ರಿ ಅಲೆಕ್ಸಾಂಡ್ರ್ ದ ರೋಡ್ಸ್ ಪ್ರಕಟಿಸಿದ ನಿಘಂಟಿನ ಶೀರ್ಷಿಕೆಯಲ್ಲಿ ಭಾಷೆಯ ಹೆಸರೂ ಅನ್ನಾಮಿನದೇ. ಫ್ರೆಂಚರು ದೇಶವನ್ನು ಟಾಂಕಿನ್, ಅನ್ನಾಮ್, ಕೊಚಿನ್‌ಚೀನಾ ಎಂದು ಮೂರು ಹೋಳು ಮಾಡಿ, ಜನರನ್ನೆಲ್ಲ 'ಅನ್ನಾಮಿತ್' ಎಂದರು. ಆಳುವವರ ಬಾಯಲ್ಲಿ ಆ ಪದಕ್ಕೆ ತಾತ್ಸಾರ ಅಂಟಿತು. 'ವಿಯೆತ್ ನಾಮ್' ಎಂಬ ಹೆಸರನ್ನು ಮತ್ತೆ ಎತ್ತಿಹಿಡಿದವರು ಸ್ವಾತಂತ್ರ್ಯ ಹೋರಾಟಗಾರರು: ನಾಡು ಕಳೆದುಕೊಂಡ ಕಥೆಯನ್ನು 1905ರಲ್ಲಿ ಬರೆದ ಫಾನ್ ಬೋಯ್ ಚೌ, ಮುಂದೆ 1945ರ ಸೆಪ್ಟೆಂಬರ್ 2ರಂದು ಹನೋಯ್‌ನಲ್ಲಿ ಸ್ವಾತಂತ್ರ್ಯ ಸಾರಿದ ಹೋ ಚಿ ಮಿನ್. ಅಂಥ ದೇಶದವರನ್ನು ಇಂದು 'ಅನ್ನಾಮಿ' ಎನ್ನುವುದು ಅವಮಾನವೇ ಸರಿ.

ಸರ್ಕಾರ ಗುರುತಿಸಿರುವ ಜನಾಂಗಗಳು 54. ಬಹುಸಂಖ್ಯಾತರಾದ ವಿಯೆತ್ ಅಥವಾ ಕಿನ್ ಜನ ಸುಮಾರು ಶೇ. 85. ಸಂಸ್ಕೃತ ಶಾಸನಗಳನ್ನು ಬಿಟ್ಟುಹೋದ ಚಂಪಾ ರಾಜ್ಯದ ವಾರಸುದಾರರಾದ ಚಾಮ್ ಜನರೂ, ಖ್ಮೇರ್, ಹ್ಮಾಂಗ್ ಜನರೂ ವಿಯೆಟ್ನಾಮಿಗಳೇ, ಆದರೆ ವಿಯೆತ್ ಅಲ್ಲ. ಬರೆಯುವಾಗ ಈ ಗೆರೆ ಅಳಿಸಬಾರದು. ಇನ್ನು, ಅಮೆರಿಕದ ಸೈನಿಕರು ದೇಶದ ಹೆಸರನ್ನು ಮೊಟಕುಮಾಡಿ ಅಲ್ಲಿನ ಯುದ್ಧಕ್ಕಿಟ್ಟ 'ನಾಮ್' ಅಲ್ಲಿಯವರಿಗೆ ಬರೀ ಒಂದು ದಿಕ್ಕು. ಅವರ ಲೆಕ್ಕದಲ್ಲಿ ಆ ಯುದ್ಧ ಅಮೆರಿಕದ ವಿರುದ್ಧ ನಡೆದ ಪ್ರತಿರೋಧ.

ವ್ಯಕ್ತಿಯನ್ನು ಕರೆಯುವ ಕ್ರಮವೂ ಬೇರೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಕೊನೆಗೆ; ಕರೆಯುವುದು ಕೊನೆಯದರಿಂದ. ದಿಯೆನ್ ಬಿಯೆನ್ ಫು ಕದನ ಗೆದ್ದ ವೋ ನುಯೆನ್ ಜಾಪ್ 'ಜನರಲ್ ಜಾಪ್' ಆಗುತ್ತಾರೆ, 'ಜನರಲ್ ವೋ' ಅಲ್ಲ. ನಮ್ಮಂತೆಯೇ ಅಪರಿಚಿತರನ್ನೂ ನಂಟಿನ ಪದದಿಂದ ಮಾತಾಡಿಸುತ್ತಾರೆ: ಗಂಡಸು ತುಸು ಹಿರಿಯನಾದರೆ 'ಆನ್' (ಅಣ್ಣ), ಹೆಂಗಸಾದರೆ 'ಚಿ' (ಅಕ್ಕ). ಹೋ ಚಿ ಮಿನ್ ಹೆಸರಿನ ನಿಯಮಕ್ಕೆ ಹೊರತು. ಅವರು 'ಬಾಕ್ ಹೋ'. ಇಂಗ್ಲಿಷಿನವರು ಇದನ್ನು 'ಅಂಕಲ್' ಮಾಡಿದರು. 'ಬಾಕ್' ಎಂದರೆ ತಂದೆಯ ಅಣ್ಣ. ಕನ್ನಡದಲ್ಲಿ ನೇರವಾಗಿ ದೊಡ್ಡಪ್ಪ.