ಜಿಂಕೆಯ ಕೋವಿಗೆ ತಕ್ಕ ತೋಟಾ

ಅಮೆರಿಕದ ಅರಣ್ಯಗಳಲ್ಲಿ ಜಿಂಕೆಯ ಬೇಟೆಗಾರರ ಕೈಯಲ್ಲಿ ಬಹುಕಾಲ ಮೆರೆದ ಕೋವಿಯೊಂದುಂಟು: ಜಾನ್ ಬ್ರೌನಿಂಗ್ ರಚಿಸಿದ, ವಿಂಚೆಸ್ಟರ್ ಕಾರ್ಖಾನೆಯ 1894ರ ಮಾದರಿ. 1895ರಲ್ಲಿ ಇದಕ್ಕೆ ಹೊಗೆಯಿಲ್ಲದ ಮದ್ದಿನ ‘ಥರ್ಟಿ-ಥರ್ಟಿ’ ತೋಟಾ ದೊರೆಯಿತು.

ಶ್ರೋತೃಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕೋವಿಯಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯೊಳಗೆ ಒಂದರ ಹಿಂದೊಂದು ಮಲಗಿರುತ್ತವೆ. ಒಂದರ ಗುಂಡಿನ ಮೂತಿ ಮುಂದಿನದರ ಕೇಪಿಗೆ ತಾಗಿಯೇ ಇರುವುದರಿಂದ, ಚೂಪುಗುಂಡನ್ನು ತುಂಬಿದರೆ ಕೋವಿಯ ಒದೆತಕ್ಕೆ ಕೊಳವೆಯೇ ಸಿಡಿಯಬಹುದು. ಆದಕಾರಣ ಕಾರ್ಖಾನೆಗಳು ಮೊಂಡುಮೂತಿಯ ಗುಂಡನ್ನೇ ಮಾಡುತ್ತ ಬಂದವು. ಗಾಳಿಯ ತಡೆಗೆ ಅದು ಬೇಗನೆ ವೇಗಗುಂದುತ್ತದೆ. 200 ಗಜದಾಚೆಗೆ ಅದನ್ನು ನೆಚ್ಚುವುದೆಂದರೆ ಗಾಯಗೊಂಡ ಮೃಗವನ್ನು ಪೊದೆಯಲ್ಲಿ ನರಳಲು ಬಿಡುವುದೆಂದೇ ನನ್ನ ಎಣಿಕೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಹಾರ್ನಡಿ ಕಾರ್ಖಾನೆಯು ರಬ್ಬರಿನಂತೆ ಬಾಗುವ ತುದಿಯ ಚೂಪುಗುಂಡನ್ನು ತಂದ ಮೇಲೆ ಈ ಕಟ್ಟು ತುಸು ಸಡಿಲಿತು.

ತೂಕದಲ್ಲಿ 150 ಹಾಗೂ 170 ಗ್ರೇನುಗಳು ವಾಡಿಕೆ. ಜಿಂಕೆಗೆ ಎರಡೂ ಸಾಕು. ಹಂದಿಯ ಮಾತು ಬೇರೆ. 1539ರಲ್ಲಿ ಸ್ಪೇನಿನ ಡೆ ಸೋಟೋ ಫ್ಲಾರಿಡಕ್ಕೆ ಹಂದಿಗಳನ್ನು ತಂದನಷ್ಟೆ. ಹೀಗೆ ಹೊರಗಿನಿಂದ ಬಂದು ಕಾಡುಪಾಲಾದವುಗಳ ಸಂತತಿಯಲ್ಲಿ ಬಲಿತ ಗಂಡಿನ ಭುಜಕ್ಕೆ ಗುರಾಣಿಯಂಥ ದಪ್ಪ ಚರ್ಮವಿರುತ್ತದೆ. ಅದಕ್ಕೆ 170ರ ಗುಂಡೇ ಲೇಸು. ಯಾವುದನ್ನು ಕೊಂಡರೂ ಆ ತೋಟಾದಿಂದಲೇ ಗುರಿಯನ್ನು ಸರಿಪಡಿಸಿಕೊಳ್ಳತಕ್ಕದ್ದು. ತೂಕ ಒಂದೇ ಆದರೂ ಎರಡು ಕಾರ್ಖಾನೆಗಳ ಗುಂಡುಗಳು ಒಂದೇ ಕಡೆ ನಾಟುವುದು ಅಪೂರ್ವ.